ಮಂಡಿಹಲಗೆಯ ರಚನೆಯಲ್ಲಿ ತೆಳುವು ಮತ್ತು ಬಲ

ಯಂತ್ರದೋಣಿಯ ಹಿಂದೆ ಕಟ್ಟಿದ ಹಗ್ಗದ ಹಿಡಿಯನ್ನು ಎರಡು ಕೈಗಳಲ್ಲಿ ಹಿಡಿದು, ಒಂದು ಹಲಗೆಯ ಮೇಲೆ ಮಂಡಿಯೂರಿ ನೀರಿನ ಮೇಲ್ಮೈಯಲ್ಲಿ ಜಾರುತ್ತ ಸಾಗುವ ಕ್ರೀಡೆ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡಿತು. ಆ ಹಲಗೆಗೆ ಇಂಗ್ಲಿಷಿನಲ್ಲಿ ನೀಬೋರ್ಡ್ ಎಂದು ಹೆಸರು. ಕನ್ನಡದಲ್ಲಿ ಮಂಡಿಹಲಗೆ ಎಂದರೆ ಅರ್ಥಕ್ಕೆ ಕೊರತೆಯಾಗದು. ಅದರ ಉದ್ದ ಸುಮಾರು 130 ಸೆಂಟಿಮೀಟರ್, ಅಗಲ 50 ಸೆಂಟಿಮೀಟರ್. ಮೇಲ್ಭಾಗದಲ್ಲಿ ಮಂಡಿ ಮತ್ತು ಕಣಕಾಲುಗಳು ಕೂರುವಂತೆ ಎರಡು ತಗ್ಗುಗಳು, ಅವುಗಳಲ್ಲಿ ಮೆತ್ತನೆಯ ಹಾಸು. ತೊಡೆಗಳ ಮೇಲೆ ಹಾಯ್ದು ಸವಾರನನ್ನು ಹಲಗೆಗೆ ಬಿಗಿಯುವ ಒಂದು ಅಗಲವಾದ ಪಟ್ಟಿ. ನೋಟಕ್ಕೆ ಇಷ್ಟೇ ಆದರೂ ಈ ಹಲಗೆಯನ್ನು ತೆಳುವಾಗಿಸಿ, ಜೊತೆಗೆ ಮೊದಲಿಗಿಂತ ಗಟ್ಟಿಯಾಗಿಯೂ ಮಾಡಬೇಕೆಂದು ಹೊರಟವರಿಗೆ ವಿಮಾನದ ರೆಕ್ಕೆಯನ್ನು ರಚಿಸುವವರು ಎದುರಿಸುವ ಪ್ರಶ್ನೆಗಳೇ ಎದುರಾಗುತ್ತವೆ. ಬೆಂಗಳೂರಿನ ಪೂರ್ವಭಾಗಕ್ಕೆ ಈ ಪ್ರಶ್ನೆಗಳು ಹೊಸವಲ್ಲ. ಹಾಗಾಗಿ ಹಲಗೆ ಪರದೇಶದ್ದಾದರೂ ಅದರ ಪಾಠವನ್ನು ಇಲ್ಲಿಯ ನಿದರ್ಶನಗಳಿಂದಲೇ ವಿವರಿಸಬಹುದು.

ಮೊದಲು ನೀರಿನ ಮಾತು. ನಿಂತ ನೀರಿನಲ್ಲಿ ಹಲಗೆಯನ್ನು ತೇಲಿಸುವುದು ಆರ್ಕಿಮಿಡೀಸನ ತತ್ತ್ವ. ಸರಾಸರಿ 6 ಸೆಂಟಿಮೀಟರ್ ದಪ್ಪದ ಹಲಗೆಯ ಗಾತ್ರ ಸುಮಾರು 36 ಲೀಟರ್. ಪೂರ್ಣವಾಗಿ ಮುಳುಗಿದಾಗ ಅದು 36 ಕಿಲೋಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ; ಅದರ ಸ್ವಂತ ತೂಕವನ್ನು ಕಳೆದರೆ ಹೊರಬಲ್ಲ ಭಾರ 30 ಕಿಲೋಗ್ರಾಮಿನಷ್ಟು ಮಾತ್ರ. 60 ಕಿಲೋಗ್ರಾಂ ತೂಕದ ಸವಾರನನ್ನು ನಿಂತ ನೀರಿನಲ್ಲಿ ಎತ್ತಿಹಿಡಿಯಲು ಇದು ಸಾಲದು. ಆದರೆ ದೋಣಿ ವೇಗವಾಗಿ ಎಳೆಯತೊಡಗಿದೊಡನೆ ಸ್ಥಿತಿ ಬದಲಾಗುತ್ತದೆ. ಮೂಗು ತುಸು ಮೇಲೆದ್ದ ಹಲಗೆಯ ತಳಕ್ಕೆ ನೀರು ಬಡಿದು ಕೆಳಮುಖವಾಗಿ ತಳ್ಳಲ್ಪಡುತ್ತದೆ. ಅದರ ಪ್ರತಿಕ್ರಿಯೆಯಾಗಿ ಹಲಗೆ ಮೇಲಕ್ಕೇಳುತ್ತದೆ. ಆಗ ಅದು ತೇಲುವುದಿಲ್ಲ, ಜಾರುತ್ತದೆ.

ಈ ವ್ಯತ್ಯಾಸವನ್ನು ಪೂರ್ವ ಬೆಂಗಳೂರಿನ ಜನ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಣ್ಣಾರೆ ಕಂಡಿದ್ದರು. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕೆಟಲೀನಾ ಎಂಬ ಕಡಲವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಅಂತಹ ವಿಮಾನ ಹೊರಡುವಾಗ ಮೊದಲು ದೋಣಿಯಂತೆ ನೀರನ್ನು ಸೀಳುತ್ತದೆ. ವೇಗ ಹೆಚ್ಚಿದಂತೆ ಅದರ ಒಡಲು ಮೇಲೆದ್ದು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಆ ಬಳಿಕವೇ ರೆಕ್ಕೆಗಳು ಭಾರವನ್ನು ವಹಿಸಿಕೊಳ್ಳುತ್ತವೆ. ಮಂಡಿಹಲಗೆಯದು ಈ ಮೂರರಲ್ಲಿ ನಡುವಿನ ಹಂತ.

ಅಂಕಿಗಳಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುವುದು. ಸೆಕೆಂಡಿಗೆ 8 ಮೀಟರ್, ಎಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದಲ್ಲಿ ಎದುರಾಗುವ ನೀರಿನ ಚಲನಒತ್ತಡ ಚದರ ಮೀಟರಿಗೆ ಸುಮಾರು 3,200 ಕಿಲೋಗ್ರಾಂ ಭಾರಕ್ಕೆ ಸಮ. ಅದರ ಹತ್ತನೆಯ ಒಂದಂಶ ಮೇಲೆತ್ತುವ ಬಲವಾಗಿ ದೊರೆತರೂ ಸವಾರ ಮತ್ತು ಹಲಗೆ ಇಬ್ಬರ ಭಾರವನ್ನೂ ಹೊರಲು 0.2 ಚದರ ಮೀಟರ್ ತಳ ಸಾಕು. ಅದು ಹಲಗೆಯ ತಳದ ಮೂರನೆಯ ಒಂದು ಭಾಗ. ಆದುದರಿಂದ ಓಡುತ್ತಿರುವ ಹಲಗೆಗೆ ದಪ್ಪ ಬೇಕಾಗಿಯೇ ಇಲ್ಲ. ದಪ್ಪ ಬೇಕಾಗುವುದು ಆರಂಭದಲ್ಲಿ, ಸವಾರ ನೀರಿನಲ್ಲಿದ್ದು ಹಲಗೆಯ ಮೇಲೆ ಹತ್ತಿಕೊಳ್ಳುವ ಆ ಕೆಲವು ಕ್ಷಣಗಳಲ್ಲಿ ಮಾತ್ರ. ಆಗಲೂ ಸವಾರನ ದೇಹದ ಬಹುಭಾರವನ್ನು ನೀರೂ ಅವನು ತೊಟ್ಟ ಜೀವರಕ್ಷಕ ಅಂಗಿಯೂ ಹೊರುತ್ತವೆ.

ಇಷ್ಟಾದರೂ ಮಾರುಕಟ್ಟೆಯ ಅಗ್ಗದ ಹಲಗೆಗಳು ದಪ್ಪವಾಗಿರುವುದಕ್ಕೆ ಅವುಗಳನ್ನು ತಯಾರಿಸುವ ವಿಧಾನವೇ ಕಾರಣ. ಬೆಂಗಳೂರಿನ ಮನೆಗಳ ತಾರಸಿಯ ಮೇಲೆ ಕಾಣುವ ಪ್ಲಾಸ್ಟಿಕ್ ನೀರಿನ ಟ್ಯಾಂಕುಗಳನ್ನು ಮಾಡುವ ರೀತಿಯಲ್ಲೇ ಇವನ್ನೂ ಮಾಡುತ್ತಾರೆ. ಪಾಲಿಥೀನ್ ಪುಡಿಯನ್ನು ಟೊಳ್ಳು ಅಚ್ಚಿನೊಳಗೆ ಹಾಕಿ, ಅಚ್ಚನ್ನು ಕಾಯಿಸುತ್ತ ಎಲ್ಲ ದಿಕ್ಕಿಗೂ ತಿರುಗಿಸಿದರೆ ಪುಡಿ ಕರಗಿ ಒಳಗೋಡೆಗೆ ಸಮವಾಗಿ ಅಂಟಿಕೊಳ್ಳುತ್ತದೆ. ಅನಂತರ ಒಳಗಿನ ಟೊಳ್ಳಿಗೆ ನೊರೆಯನ್ನು ತುಂಬುತ್ತಾರೆ. ಇಂತಹ ಹಲಗೆ ಪೆಟ್ಟು ತಾಳುತ್ತದೆ, ಬಿಸಿಲಿಗೂ ಬೇಗ ಹಾಳಾಗದು, ಕಲಿಯುವವರಿಗೆ ಒಳ್ಳೆಯದು. ಆದರೆ ಪಾಲಿಥೀನ್ ಬಹಳ ಬಾಗುವ ವಸ್ತು. ಗಾಜುನಾರಿನ ಬಟ್ಟೆಗೆ ರಾಳವನ್ನು ಹಚ್ಚಿ ಗಟ್ಟಿಯಾಗಿಸಿದ ಹಾಳೆಯೊಡನೆ ಹೋಲಿಸಿದರೆ ಅದರ ಬಿಗುವು ಇಪ್ಪತ್ತನೆಯ ಒಂದು ಭಾಗದಷ್ಟೂ ಇಲ್ಲ. ಆ ಕೊರತೆಯನ್ನು ದಪ್ಪದಿಂದ ತುಂಬಿಕೊಳ್ಳಬೇಕಾಗುತ್ತದೆ. ಸ್ಪರ್ಧೆಯ ಹಲಗೆಗಳನ್ನಾದರೋ ನೊರೆಯ ತಿರುಳಿನ ಮೇಲೆ ಗಾಜುನಾರಿನ ಹೊದಿಕೆಯಿಟ್ಟು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಇವು ಹಗುರ, ತೆಳು ಮತ್ತು ದುಬಾರಿ.

ತೆಳುವನ್ನು ಬಯಸುವುದು ಅಂದಕ್ಕಾಗಿ ಅಲ್ಲ. ಸವಾರನ ಮಂಡಿ ನೀರಿಗೆ ಹತ್ತಿರವಾದಷ್ಟೂ ಗುರುತ್ವಕೇಂದ್ರ ಕೆಳಗಿಳಿದು ಹಲಗೆ ಮಗುಚುವುದು ಕಡಿಮೆಯಾಗುತ್ತದೆ. ತೆಳ್ಳನೆಯ ಅಂಚು ನೀರನ್ನು ಬೇಗ ಕಚ್ಚುತ್ತದೆ. ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳುವಾಗ ಹಲಗೆ ಸವಾರನ ಇಚ್ಛೆಗೆ ತಡವಿಲ್ಲದೆ ಒಲಿಯುತ್ತದೆ. ದಪ್ಪ ಹಲಗೆಯ ಮೇಲೆ ಕುಳಿತವನು ಕಾಲುಮಣೆಯ ಮೇಲೆ ಕುಳಿತು ಸಮತೋಲ ಕಾಯ್ದುಕೊಳ್ಳುವವನಂತೆ.

ಇನ್ನು ಬಲದ ಪ್ರಶ್ನೆ. ನೀರಿನ ಮೇಲೆ ನಿಂತು ಜಾರುವವನಿಗೆ ಮಂಡಿ ಮತ್ತು ಹರಡುಗಳೇ ಸ್ಪ್ರಿಂಗುಗಳು. ದೋಣಿ ಎಬ್ಬಿಸಿದ ಅಲೆಯ ಮೇಲಿಂದ ನೆಗೆದು ಬಿದ್ದಾಗ ಅವನು ಕಾಲು ಮಡಿಸಿ ಪೆಟ್ಟನ್ನು ನುಂಗಿಕೊಳ್ಳುತ್ತಾನೆ. ಮಂಡಿಯೂರಿದವನ ಕಾಲು ಆಗಲೇ ಪೂರ್ತಿ ಮಡಿಸಿದೆ. ಪೆಟ್ಟು ನೇರವಾಗಿ ಹಲಗೆಗೆ, ಅಲ್ಲಿಂದ ಮಂಡಿಗೆ, ಅಲ್ಲಿಂದ ಬೆನ್ನುಮೂಳೆಗೆ ಹೋಗುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದು, ಹಾಸು ಮತ್ತು ನೀರು ಎರಡೂ ಸೇರಿ 15 ಸೆಂಟಿಮೀಟರ್ ದೂರದಲ್ಲಿ ದೇಹವನ್ನು ನಿಲ್ಲಿಸಿದವೆಂದು ಭಾವಿಸಿದರೆ, ಆ ಅವಧಿಯ ಸರಾಸರಿ ಬಲ ತೂಕದ 7.7ರಷ್ಟು ಪಟ್ಟು. 60 ಕಿಲೋಗ್ರಾಮಿನ ಸವಾರ ಆ ಗಳಿಗೆಯಲ್ಲಿ 460 ಕಿಲೋಗ್ರಾಮಿನವನಾಗುತ್ತಾನೆ. ಬಲದ ಶಿಖರ ಇದಕ್ಕೂ ಮೇಲೆ. ಇಂತಹ ಹೊತ್ತಿನಲ್ಲಿ ಹಲಗೆ ಮುರಿದರೆ ಚೂಪಾದ ಗಾಜುನಾರಿನ ಅಂಚುಗಳ ಮೇಲೆ, ತೊಡೆಗೆ ಪಟ್ಟಿ ಬಿಗಿದ ಸ್ಥಿತಿಯಲ್ಲಿ, ಮನುಷ್ಯ ಬೀಳುತ್ತಾನೆ. ಹಲಗೆಯ ಬಲದ ಲೆಕ್ಕ ದೇಹರಕ್ಷಣೆಯ ಲೆಕ್ಕವೂ ಆಗುವುದು ಹೀಗೆ.

ಹಲಗೆ ಮುರಿಯುವ ಬಗೆಯನ್ನು ಅರಿಯಲು ಶಾಲೆಯ ಅಡಿಕೋಲೊಂದು ಸಾಕು. ಅದನ್ನು ಚಪ್ಪಟೆಯಾಗಿ ಹಿಡಿದು ಬಾಗಿಸಿದರೆ ಸುಲಭವಾಗಿ ಬಾಗುತ್ತದೆ. ಅಂಚು ಮೇಲಾಗಿ ನಿಲ್ಲಿಸಿ ಬಾಗಿಸಹೋದರೆ ಕೈ ಸೋಲುತ್ತದೆ. ಒಂದೇ ವಸ್ತುವಿನಿಂದಾದ ಗಟ್ಟಿ ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣ: ದಪ್ಪ ಅರ್ಧವಾದರೆ ಬಿಗುವು ಎಂಟನೆಯ ಒಂದಕ್ಕಿಳಿಯುತ್ತದೆ. ಬಾಗಿದ ವಸ್ತುವಿನ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಡುವಿನ ಭಾಗಕ್ಕೆ ಹೆಚ್ಚಿನ ಕೆಲಸವಿಲ್ಲ. ಈ ಗುಟ್ಟನ್ನು ಜೋಳದ ದಂಟು ಬಲ್ಲದು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹಗುರವಾದ ಬೆಂಡು. ಬೆಂಡಿನ ಕೆಲಸ ಸಿಪ್ಪೆಯನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದು. ಬಿದಿರೂ ತನ್ನ ನಾರುಗಳನ್ನು ಹೊರಮೈಯ ಕಡೆಗೇ ಹೆಚ್ಚು ದಟ್ಟವಾಗಿ ಇಟ್ಟುಕೊಂಡಿದೆ. ಹೊದಿಕೆ ಮತ್ತು ಬೆಂಡು ಕೂಡಿದ ಹಲಗೆಯನ್ನು ಎಂಜಿನಿಯರುಗಳು ಸ್ಯಾಂಡ್‌ವಿಚ್ ರಚನೆ ಎನ್ನುತ್ತಾರೆ. ದಂಟಿನ ಬಂಡಿ ಮಾಡಿ ಆಡಿದವರಿಗೆ ಆ ಪರಕೀಯ ತಿಂಡಿಯ ಹೆಸರಿಗಿಂತ ಬೆಂಡು ಎಂಬ ಮಾತೇ ಹೆಚ್ಚು ಅರ್ಥಪೂರ್ಣ.

ಈಗ 6 ಸೆಂಟಿಮೀಟರ್ ದಪ್ಪದ, ಮೇಲೆ ಕೆಳಗೆ ಒಂದೊಂದು ಮಿಲಿಮೀಟರ್ ಗಾಜುನಾರಿನ ಹೊದಿಕೆಯುಳ್ಳ ಹಲಗೆಯನ್ನು 3 ಸೆಂಟಿಮೀಟರಿಗೆ ಇಳಿಸಬೇಕೆಂದು ಇಟ್ಟುಕೊಳ್ಳೋಣ. ಹಲಗೆಯನ್ನು ಒಂದು ಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ ಆ 460 ಕಿಲೋಗ್ರಾಂ ಭಾರವನ್ನು ಹೇರಿದರೆ, ಮೊದಲ ಹಲಗೆಯ ಹೊದಿಕೆಯಲ್ಲಿ ಏಳುವ ಎಳೆತ ಅಥವಾ ಒತ್ತು ಸುಮಾರು 1,900 ಕಿಲೋಗ್ರಾಂ ಭಾರದಷ್ಟು. ತೆಳುವಾದ ಹಲಗೆಯಲ್ಲಿ ಅದು 3,800. ಹೊದಿಕೆಗಳ ನಡುವಣ ಅಂತರ ಅರ್ಧವಾದುದರಿಂದ ಬಲ ಇಮ್ಮಡಿ. ನೀರಿನ ಮೇಲೆ ಭಾರ ಇಷ್ಟು ಕಠಿಣವಾಗಿ ಒಂದೆಡೆ ಬೀಳದು; ಆದರೆ ಲೆಕ್ಕ ಕಠಿಣವಾಗಿದ್ದರೆ ಸವಾರನಿಗೆ ಕ್ಷೇಮ. ಬಿಗುವಾದರೋ ಅಂತರದ ವರ್ಗಕ್ಕೆ ಅನುಗುಣವಾದುದರಿಂದ ನಾಲ್ಕನೆಯ ಒಂದಕ್ಕಿಳಿಯುತ್ತದೆ. ಹಾಗಾದರೆ ಮೊದಲಿನ ಬಲವೇ ಬೇಕಾದರೆ ಹೊದಿಕೆ 2 ಮಿಲಿಮೀಟರ್ ಆಗಬೇಕು. ಮೊದಲಿನ ಬಿಗುವೇ ಬೇಕಾದರೆ 4 ಮಿಲಿಮೀಟರ್. ಹೊದಿಕೆಯ ತೂಕ ಮೊದಲ ಹಲಗೆಯಲ್ಲಿ ಸುಮಾರು 2.2 ಕಿಲೋಗ್ರಾಂ, ಅದು ಕ್ರಮವಾಗಿ 4.3 ಮತ್ತು 8.6 ಕಿಲೋಗ್ರಾಂ ಆಗುತ್ತದೆ.

ಇಲ್ಲಿ ವಿವೇಚನೆ ಬೇಕು. ಬಿಗುವು ಮತ್ತು ಬಲ ಒಂದೇ ಅಲ್ಲ. 60 ಕಿಲೋಗ್ರಾಂ ಭಾರಕ್ಕೆ ಹೊದಿಕೆಗಳ ಹಿಗ್ಗುಕುಗ್ಗಿನಿಂದ ಮೊದಲ ಹಲಗೆ ಬಾಗುವುದು ಒಂದು ಮಿಲಿಮೀಟರಿಗೂ ಕಡಿಮೆ. ಇಮ್ಮಡಿ ಹೊದಿಕೆಯ ತೆಳು ಹಲಗೆ ಬಾಗುವುದು ಒಂದೂವರೆ ಮಿಲಿಮೀಟರ್. ಇಷ್ಟನ್ನು ಸವಾರನ ಮಂಡಿ ಗುರುತಿಸಲಾರದು. ಆದುದರಿಂದ ಬಿಗುವಿನ ಬೆನ್ನು ಹತ್ತಿ ಹಲಗೆಯನ್ನು ಭಾರವಾಗಿಸುವುದು ಸಲ್ಲದು. ಬಲವನ್ನು ಉಳಿಸಿಕೊಂಡರೆ ಸಾಕು. ಬಿಗುವೂ ಬೇಕೆನ್ನುವವರು ಗಾಜುನಾರಿನ ಬದಲು ಕಾರ್ಬನ್ ನಾರನ್ನು ಬಳಸುತ್ತಾರೆ. ಅದರ ಬಿಗುವು ಸುಮಾರು ಮೂರು ಪಟ್ಟು, ತೂಕವೂ ಕಡಿಮೆ. ಲೆಕ್ಕದಲ್ಲಿ ಇದು ಸೊಗಸು. ಆದರೆ ಅದರ ಬೆಲೆ ಹಲವು ಪಟ್ಟು. ಅಲ್ಲದೆ ಕಲ್ಲಿಗೆ ತಗುಲಿದಾಗ ಗಾಜುನಾರಿನಷ್ಟು ಸೈರಣೆ ಅದಕ್ಕಿಲ್ಲ. ದಡದಲ್ಲಿ ಎಳೆದಾಡಿಸಿಕೊಳ್ಳುವ ತಳಕ್ಕೆ ಗಾಜುನಾರು, ಮೇಲ್ಮೈಯಲ್ಲಿ ಮಂಡಿಯ ಸುತ್ತ ಉದ್ದುದ್ದವಾಗಿ ಕೆಲವು ಪಟ್ಟಿ ಕಾರ್ಬನ್ ನಾರು ಎಂಬ ಮಧ್ಯಮಮಾರ್ಗ ಮೇಲು.

ಹೊದಿಕೆಯ ಬಗ್ಗೆ ಇಷ್ಟು ಯೋಚಿಸುವವರೂ ಬೆಂಡನ್ನು ಮರೆಯುವುದುಂಟು. ಹೆಚ್ಚಿನ ತೆಳು ಹಲಗೆಗಳು ಸೋಲುವುದು ಅಲ್ಲಿಯೇ. ಒಂದು ದಪ್ಪ ಪುಸ್ತಕವನ್ನು ಬಾಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಬಾಗುವ ಹಲಗೆಯ ಬೆಂಡೂ ಹೀಗೆಯೇ ಜಾರಲೆತ್ನಿಸುತ್ತದೆ; ಆ ಜಾರುಬಲವನ್ನು ಅದು ತಡೆಯದಿದ್ದರೆ ಎರಡು ಹೊದಿಕೆಗಳೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಡಪಾಯಿ ಹಾಳೆಗಳಾಗುತ್ತವೆ. ದಪ್ಪ ಅರ್ಧವಾದರೆ ಬೆಂಡಿನ ಮೇಲಿನ ಜಾರುಬಲವೂ ಇಮ್ಮಡಿ. ಇನ್ನೊಂದು ಅಪಾಯ ಮೇಲಿನ ಹೊದಿಕೆಯದು. ನೀರು ತಳವನ್ನೆಲ್ಲ ಮೇಲಕ್ಕೊತ್ತುತ್ತಿರುವಾಗ ಸವಾರ ನಡುವೆ ಕೆಳಕ್ಕೊತ್ತುತ್ತಾನೆ. ಹಲಗೆ ತೊಟ್ಟಿಲಿನಂತೆ ಬಾಗಿ ಮೇಲ್ಮೈ ಕುಗ್ಗುತ್ತದೆ. ಕೆಳಗಿನ ನೊರೆ ಮೃದುವಾಗಿದ್ದರೆ, ತೆಳ್ಳನೆಯ ಹೊದಿಕೆ ತನ್ನ ಸಹಜ ಬಲದ ಕಾಲುಭಾಗವನ್ನು ಮುಟ್ಟುವ ಮೊದಲೇ ಸುಕ್ಕುಗಟ್ಟಿ ಮೇಲೇಳಬಹುದು. ಮುರಿದ ಹಲಗೆಯಲ್ಲಿ ಮಂಡಿಯ ಮುಂದೆ ಅಡ್ಡಡ್ಡವಾಗಿ ಕಾಣುವ ಬಿಳಿಯ ಗೆರೆ ಇದರ ಗುರುತು.

ಪರಿಹಾರ ದಟ್ಟವಾದ ಬೆಂಡು. ಘನಮೀಟರಿಗೆ 40 ಕಿಲೋಗ್ರಾಂ ತೂಗುವ ಮೃದು ನೊರೆಯ ಬದಲು 80 ಕಿಲೋಗ್ರಾಮಿನ ಪಿವಿಸಿ ನೊರೆಯನ್ನು ಬಳಸಿದರೆ ಜಾರುಬಲವನ್ನು ತಾಳುವ ಶಕ್ತಿ ಇಮ್ಮಡಿಗೂ ಮಿಗಿಲಾಗುತ್ತದೆ, ಸುಕ್ಕಿನ ಭಯವೂ ದೂರವಾಗುತ್ತದೆ. ತೂಕ ಹೆಚ್ಚೀತೇ? ದಪ್ಪ ಹಲಗೆಯಲ್ಲಿ 36 ಲೀಟರ್ ಮೃದು ನೊರೆಯ ತೂಕ 1.44 ಕಿಲೋಗ್ರಾಂ. ತೆಳು ಹಲಗೆಯಲ್ಲಿ 18 ಲೀಟರ್ ದಟ್ಟ ನೊರೆಯ ತೂಕವೂ 1.44 ಕಿಲೋಗ್ರಾಂ. ದಪ್ಪವನ್ನು ಕಳೆದು ಉಳಿಸಿದ ತೂಕವನ್ನೇ ದಟ್ಟತೆಗೆ ವೆಚ್ಚಮಾಡಿದಂತಾಯಿತು. ತೆಳುವಾಗಿಸುವುದರಿಂದಲೇ ಒಳ್ಳೆಯ ಬೆಂಡಿಗೆ ಅವಕಾಶ ಒದಗುತ್ತದೆಂಬುದು ಈ ರಚನೆಯ ಅತ್ಯಂತ ರಮ್ಯವಾದ ಅಂಶ.

ಈ ವಿದ್ಯೆ ಪೂರ್ವ ಬೆಂಗಳೂರಿಗೆ ಬಂದುದು ಮರದ ರೂಪದಲ್ಲಿ. 1950ರ ದಶಕದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಸಂಸ್ಥೆಯ ಪರವಾನಗಿ ಪಡೆದು ವ್ಯಾಂಪೈರ್ ಜೆಟ್ ವಿಮಾನಗಳನ್ನು ತಯಾರಿಸಿತು. ಅದರ ರೆಕ್ಕೆ ಲೋಹದ್ದಾದರೂ ಪೈಲಟ್ ಕೂರುವ ಮುಂಭಾಗದ ಒಡಲು ಬಾಲ್ಸಾ ಎಂಬ ಹಗುರ ಮರದ ಬೆಂಡಿಗೆ ಎರಡೂ ಕಡೆ ತೆಳು ಪ್ಲೈವುಡ್ ಅಂಟಿಸಿ ಮಾಡಿದುದು. ಜೆಟ್ ವಿಮಾನದ ಒಡಲು ಮರದ್ದೆಂದರೆ ಇಂದಿನ ವಿದ್ಯಾರ್ಥಿಗಳು ನಂಬುವುದು ಕಷ್ಟ. ಇದೇ ಸಂಸ್ಥೆಯ ಮೊಸ್ಕಿಟೊ ಎಂಬ ಹಿಂದಿನ ವಿಮಾನ ಬಹುಮಟ್ಟಿಗೆ ಮರದ್ದೇ. 1944ರಲ್ಲಿ ಭಾರತದಲ್ಲಿದ್ದ ಮೊಸ್ಕಿಟೊಗಳ ರೆಕ್ಕೆಯ ಅಂಟುಸಂಧಿಗಳು ಬಿಟ್ಟು ಅಪಘಾತಗಳಾಗಿ, ವಿಮಾನಗಳ ಹಾರಾಟವನ್ನು ನಿಲ್ಲಿಸಿ ತನಿಖೆ ನಡೆಸಬೇಕಾಯಿತು. ಹೊದಿಕೆಯೂ ಬೆಂಡೂ ಎಷ್ಟೇ ಉತ್ತಮವಾಗಿರಲಿ, ನಡುವಿನ ಅಂಟು ಕೈಕೊಟ್ಟರೆ ರಚನೆ ಇಲ್ಲ. ಬಿಸಿಲಲ್ಲಿ ಕಾದು ನೀರಲ್ಲಿ ನೆನೆಯುವ ಮಂಡಿಹಲಗೆಗೆ ಈ ಎಚ್ಚರ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅದರ ಬೆಂಡು ನೀರು ಹೀರದ, ಮುಚ್ಚಿದ ಗುಳ್ಳೆಗಳ ನೊರೆಯೇ ಆಗಿರಬೇಕು. ಬಾಲ್ಸಾ ಬಳಸಿದರೆ ಒಂದು ಸಣ್ಣ ಗೀರಿನಿಂದ ನೀರು ಒಳಹೊಕ್ಕರೂ ಕೊಳೆತ.

ಮರದ ಬಳಿಕ ನಾರಿನ ಕಾಲ. 1959ರಲ್ಲಿ ಸ್ಥಾಪನೆಯಾಗಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮೊದಲು ದಂಡುಪ್ರದೇಶಕ್ಕೆ ಹೊಂದಿದ ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಯ ಕುದುರೆಲಾಯದಲ್ಲಿ ಕೆಲಸ ಆರಂಭಿಸಿ, ಅನಂತರ ಇಂದಿರಾನಗರದ ನೆರೆಯ ಕೋಡಿಹಳ್ಳಿಯಲ್ಲಿ ನೆಲೆಸಿತು. ಅದು ರೂಪಿಸಿದ ಎರಡು ಆಸನಗಳ ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಒಡಲು ಗಾಜುನಾರು ಮತ್ತು ರಾಳದ ಸಂಯುಕ್ತದಿಂದಾದುದು. 2001ರ ಜನವರಿ 4ರಂದು ಎಚ್.ಎ.ಎಲ್. ವಿಮಾನನಿಲ್ದಾಣದಿಂದ ಮೊದಲ ಬಾರಿಗೆ ಹಾರಿದ, ಮುಂದೆ ತೇಜಸ್ ಎಂಬ ಹೆಸರು ಪಡೆದ ಯುದ್ಧವಿಮಾನದ ರೆಕ್ಕೆ ಕಾರ್ಬನ್ ನಾರಿನದು. ಅದರ ಭಾಗಗಳಿಗೆ ಪ್ರಯೋಗಾಲಯದವರು ಬಳಸಿದ ಒಂದು ಕ್ರಮ ಮಂಡಿಹಲಗೆಗೂ ಉಪಯುಕ್ತ. ಹೊದಿಕೆ ಮತ್ತು ಅದರ ಒಳಗಿನ ಪಕ್ಕೆಲುಬುಗಳನ್ನು ಬೇರೆಬೇರೆಯಾಗಿ ಮಾಡಿ ರಿವೆಟ್ ಹೊಡೆಯುವ ಬದಲು, ಎರಡನ್ನೂ ಹಸಿಯಾಗಿರುವಾಗಲೇ ಸೇರಿಸಿ ಒಟ್ಟಿಗೆ ಬೇಯಿಸಿ ಒಂದಾಗಿಸುವುದು. ಅಂಟುಸಂಧಿಯೇ ಇಲ್ಲವಾದರೆ ಅದು ಬಿಡುವ ಪ್ರಸಂಗವೂ ಕಡಿಮೆ.

ಪಕ್ಕೆಲುಬಿನ ಮಾತು ಬಂದುದು ಅಕಾರಣವಾಗಿ ಅಲ್ಲ. ಮಂಡಿಹಲಗೆಯ ನಿಜವಾದ ತೊಡಕು ಮಂಡಿಯ ತಗ್ಗಿನಲ್ಲಿದೆ. ಸವಾರನನ್ನು ಕೆಳಗಿಳಿಸುವ ಸಲುವಾಗಿ ಅಲ್ಲಿಯೇ ಹಲಗೆಯನ್ನು ಎಲ್ಲಕ್ಕಿಂತ ತೆಳುವಾಗಿ ಕೊರೆಯುತ್ತಾರೆ. ಭಾರ ಬೀಳುವುದೂ, ಬಾಗುವ ಬಲ ಅತ್ಯಧಿಕವಾಗುವುದೂ ಅಲ್ಲಿಯೇ. ಎಲ್ಲಿ ಬಲ ಹೆಚ್ಚು ಬೇಕೋ ಅಲ್ಲಿಯೇ ದಪ್ಪ ಕಡಿಮೆ. ದಪ್ಪವನ್ನು ಎಲ್ಲೆಡೆ ಸಮವಾಗಿ ಇಳಿಸಿದ ಹಲಗೆ ಇಲ್ಲಿ ಮುರಿಯುತ್ತದೆ. ಆದರೆ ಹಲಗೆಯ ಅಗಲವನ್ನೆಲ್ಲ ಮಂಡಿಗಳು ಆಕ್ರಮಿಸುವುದಿಲ್ಲ. ಎರಡು ಮಂಡಿಗಳ ನಡುವೆ ಒಂದು ದಿಣ್ಣೆಗೂ, ಹೊರಮಗ್ಗುಲುಗಳಲ್ಲಿ ಎರಡು ಅಂಚುಗಳಿಗೂ ಸ್ಥಳವುಂಟು. ತಗ್ಗಿನಲ್ಲಿ ಹಲಗೆ 2 ಸೆಂಟಿಮೀಟರ್ ಇದ್ದರೂ ದಿಣ್ಣೆಯಲ್ಲಿ 5 ಸೆಂಟಿಮೀಟರ್ ಇರಬಹುದು. ಉದ್ದಕ್ಕೂ ಹರಿಯುವ ಆ ದಿಣ್ಣೆ ಮನೆಯ ತೊಲೆಯಂತೆ ಕೆಲಸ ಮಾಡಿ ಬಾಗುವ ಬಲದ ದೊಡ್ಡ ಪಾಲನ್ನು ವಹಿಸಿಕೊಳ್ಳುತ್ತದೆ. ಅದರ ನೆತ್ತಿಗೆ ಕಾರ್ಬನ್ ನಾರಿನ ಪಟ್ಟಿ, ಒಡಲೊಳಗೆ ಒಟ್ಟಿಗೆ ಬೇಯಿಸಿದ ಪಕ್ಕೆಲುಬು, ತಗ್ಗಿನ ಕೆಳಗೆ ಇನ್ನೂ ದಟ್ಟವಾದ ಬೆಂಡಿನ ತುಂಡು ಇಟ್ಟರೆ ರಚನೆ ನಂಬಿಕೆಗೆ ಅರ್ಹವಾಗುವುದು. ತಗ್ಗಿನ ಅಂಚು ಮೆಟ್ಟಿಲಿನಂತೆ ಥಟ್ಟನೆ ಇಳಿಯದೆ ಇಳಿಜಾರಾಗಿರಬೇಕು; ಚೂಪು ಮೂಲೆಗಳಲ್ಲಿ ಬಲ ಗುಂಪುಗೂಡಿ ಬಿರುಕು ಹುಟ್ಟುತ್ತದೆ.

ತೊಡೆಯ ಪಟ್ಟಿಯ ವಿಷಯದಲ್ಲಿ ನಿಯಮ ತಲೆಕೆಳಗು. ಪಟ್ಟಿಯ ಬುಡ ಹಲಗೆಯಿಂದ ಕಿತ್ತುಬರಬಾರದು. ತೆಳು ಬೆಂಡಿನಲ್ಲಿ ತಿರುಪು ಕಚ್ಚಿಕೊಳ್ಳುವ ಆಳ ಕಡಿಮೆಯಾದುದರಿಂದ ಅಲ್ಲಿ ಗಟ್ಟಿ ವಸ್ತುವಿನ ಬಿಲ್ಲೆಯನ್ನು ಮೊದಲೇ ಹುದುಗಿಸಿ ಅದರ ಮೇಲೆ ಹೆಚ್ಚಿನ ಪದರ ಹಾಸಬೇಕು. ಆದರೆ ಪಟ್ಟಿಯ ಬೆಸುಗೆ ಸವಾರ ಬಿದ್ದು ಒಂದು ಸೆಳೆತ ಕೊಟ್ಟೊಡನೆ ಬಿಡಲೇಬೇಕು. ಬಿಡದ ಪಟ್ಟಿಯಿಂದ ಮಗುಚಿದ ಹಲಗೆಯ ಕೆಳಗೆ ತಲೆ ನೀರಿನಲ್ಲಿ ಸಿಕ್ಕಿಕೊಂಡೀತು. ವೆಲ್ಕ್ರೋ ಅಂಟುಪಟ್ಟಿಯನ್ನು ಇಲ್ಲಿ ಬಳಸುವುದು ಅದು ಸಾಕಷ್ಟು ದುರ್ಬಲವಾಗಿರುವುದರಿಂದಲೇ.

ಹಲಗೆ ಸಿದ್ಧವಾದರೂ ಓಡಿಸಲು ನೀರು ಬೇಕು. ಹಲಸೂರು ಕೆರೆಯ ಹರವು ಸುಮಾರು 50 ಹೆಕ್ಟೇರ್. ದಡದಲ್ಲಿಯೇ ನೆಲೆಸಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರಿಗೆ ಅದು ತರಬೇತಿಯ ತಾಣ; ನಾಗರಿಕರಿಗೆ ದೋಣಿವಿಹಾರದ ಸ್ಥಳ. ನಡುನಡುವೆ ದ್ವೀಪಗಳುಳ್ಳ ಆ ಕೆರೆ ವೇಗದ ಎಳೆತಕ್ಕೆ ಹೇಳಿಮಾಡಿಸಿದುದಲ್ಲ. ಅದಕ್ಕಿಂತ ಮುಖ್ಯವಾಗಿ, 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಮಂಡಿಹಲಗೆಯವನು ಬೀಳುವುದು ಮುಖ ಮುಂದಾಗಿ, ಬಾಯಿ ತೆರೆದೇ. ಒಳಚರಂಡಿಯ ನೀರು ಸೇರುವ ಕೆರೆಯಲ್ಲಿ ಅತ್ಯುತ್ತಮ ಹಲಗೆಯೂ ಅವನನ್ನು ಕಾಯಲಾರದು.

ಹಲಗೆಯ ಪರೀಕ್ಷೆಯನ್ನಾದರೋ ನೀರಿಲ್ಲದೆ, ಶಾಲೆಯ ಕಾರ್ಯಾಗಾರದಲ್ಲಿಯೇ ಮಾಡಬಹುದು. ಒಂದು ಮೀಟರ್ ಅಂತರದಲ್ಲಿ ಎರಡು ಮರದ ದಿಮ್ಮಿಗಳನ್ನಿಟ್ಟು, ಅವುಗಳ ಮೇಲೆ ಹಲಗೆಯನ್ನು ಮಲಗಿಸಿ, ಮಂಡಿಯ ತಗ್ಗುಗಳಲ್ಲಿ ತೂಗಿದ ಮರಳುಚೀಲಗಳನ್ನು ಒಂದೊಂದಾಗಿ ಇಡಬೇಕು. ಪ್ರತಿ ಚೀಲಕ್ಕೂ ಹಲಗೆ ಎಷ್ಟು ಬಾಗಿತೆಂದು ಅಳೆದು ನಕ್ಷೆಯ ಕಾಗದದಲ್ಲಿ ಗುರುತಿಸಿದರೆ ಸರಳರೇಖೆ ಬರಬೇಕು. ರೇಖೆ ಬಾಗತೊಡಗಿತೆಂದರೆ ಒಳಗೆ ಎಲ್ಲೋ ಬೆಂಡು ಜಾರಿದೆ ಅಥವಾ ಹೊದಿಕೆ ಬಿಟ್ಟಿದೆ. ಭಾರ ಇಳಿಸಿದ ಬಳಿಕ ಒಂದು ರೂಪಾಯಿಯ ನಾಣ್ಯದಿಂದ ಮೇಲ್ಮೈಯನ್ನೆಲ್ಲ ಗೇಣುಗೇಣಾಗಿ ತಟ್ಟುತ್ತ ಹೋಗಬೇಕು; ವಿಮಾನದ ಕಾರ್ಖಾನೆಗಳಲ್ಲಿಯೂ ಈ ಕ್ರಮ ಉಂಟು, ಸಂತೆಯಲ್ಲಿ ಮಡಕೆ ಕೊಳ್ಳುವವರೂ ಇದನ್ನು ಬಲ್ಲರು. ಅಂಟು ಭದ್ರವಾಗಿರುವಲ್ಲಿ ನಾದ ಖಣಿಲೆನ್ನುತ್ತದೆ, ಬಿಟ್ಟಿರುವಲ್ಲಿ ಮಂಕಾಗಿ ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಕೇಳಿದೆಡೆಯಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ ಆ ಹಲಗೆಯನ್ನು ಬದಿಗಿಡತಕ್ಕದ್ದು.